ದೇವಿ ಚುಚ್ಚುವ ಸಿದ್ರಾಮಪ್ಪ

ಸಿದ್ರಾಮಪ್ಪನವರು ಓಣಿಯೊಳಗೆ ಕಾಲಿಟ್ಟರೆ ಓಣಿ ಖಾಲಿಯಾಗುತ್ತಿತ್ತು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತ ಹೆಂಗಸರು ಮೊರವನ್ನು ಅಲ್ಲೇ ಬಿಟ್ಟು, ಮಕ್ಕಳನ್ನು ಬಗಲಿಗೆ ಹಾಕಿಕೊಂಡು ಒಳಗೆ ಓಡುತ್ತಿದ್ದರು. ಒಂದರ ಹಿಂದೊಂದು ಬಾಗಿಲ ಅಗಳಿ ಬೀಳುವ ಸಪ್ಪಳ ಕೇಳುತ್ತಿತ್ತು. ಆಮೇಲೆ ಓಣಿಯಲ್ಲಿ ಉಳಿಯುತ್ತಿದ್ದುದು ಬಿಟ್ಟುಹೋದ ಜೋಳಕ್ಕೆ ಬಂದ ಕೋಳಿಗಳು ಮತ್ತು ಅವರು. ಕರೀ ಕೋಟು, ತಲೆಗೆ ಸುತ್ತಿದ ಬಿಳೀ ಪಟಗ, ಬಗಲಲ್ಲಿ ಕೊಡೆ, ಕೈಯಲ್ಲಿ ತಗಡಿನ ಪೆಟ್ಟಿಗೆ. ಕೋಳಿಗಳನ್ನು ಹುಶ್ ಎಂದು ಓಡಿಸಿ, ಮೊರವನ್ನು ಎತ್ತಿ ಗೋಡೆಗೆ ಆನಿಸಿಟ್ಟು, ಬಾಗಿಲಿನಿಂದ ಒಂದು ಮಾರು ದೂರ ನಿಂತು, "ಯಾರದೀರ್ರಿ ಒಳಗ?" ಎಂದು ಕೂಗುತ್ತಿದ್ದರು. ಒಳಗಿನಿಂದ ಉತ್ತರ ಬರುತ್ತಿರಲಿಲ್ಲ.

ಅವರು ನಿಜಾಮ ಸರ್ಕಾರದ ನೌಕರ. ಊರೂರು ತಿರುಗಿ ಮಕ್ಕಳ ತೋಳಿಗೆ ಸಿಡುಬಿನ ಚುಚ್ಚುಮದ್ದು ಹಾಕುವುದು ಅವರ ಕೆಲಸ. ನಮ್ಮ ಕಡೆ ಸಿಡುಬಿಗೆ ದೇವಿ ಎನ್ನುತ್ತಾರೆ. ಬೇನೆಗೂ ಅದೇ ಹೆಸರು, ಬೇನೆ ತರುವ ತಾಯಿಗೂ ಅದೇ ಹೆಸರು, ಬೇನೆ ಬಾರದಂತೆ ಹಾಕುವ ಮದ್ದಿಗೂ ಅದೇ ಹೆಸರು. ಹಾಗಾಗಿ ಆಳಂದದಲ್ಲಿ ಅವರು ದೇವಿ ಸಿದ್ರಾಮಪ್ಪ. ಹಟ ಮಾಡುವ ಮಕ್ಕಳನ್ನು ಸುಮ್ಮನಾಗಿಸಲು ತಾಯಂದಿರು ಅವರ ಹೆಸರು ಹೇಳುತ್ತಿದ್ದರು.

"ನನಗ ಮಂದಿ ಮಾರಿ ಗುರ್ತಿಲ್ರಿ," ಎಂದು ಒಮ್ಮೆ ನಮ್ಮ ಅತ್ತೆಯವರ ಮುಂದೆ ಹೇಳಿದ್ದರು. "ಬೆನ್ನು ತೋರಸ್ರಿ, ಯಾರ ಮನ್ಯಾಗಿನವರು ಅಂತ ಹೇಳ್ತೇನಿ."

ನಾನು ಮದುವೆಯಾಗಿ ಅಫಜಲಪುರದಿಂದ ಆಳಂದಕ್ಕೆ ಬಂದಾಗ ಅವರು ಆಗಲೇ ನಮ್ಮ ಮನೆಯ ತಲಬಾಗಿಲ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದರು. ಮನೆ ದೊಡ್ಡದು, ಜನ ಕಡಿಮೆ. ಮಾವನವರು ತೀರಿ ಬಹಳ ವರ್ಷಗಳಾಗಿದ್ದವು. ನಮ್ಮ ಯಜಮಾನರು ಕಲಬುರ್ಗಿಯ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತರು, ಅಮಾವಾಸ್ಯೆಗೊಮ್ಮೆ ಬರುವವರು. ಉಳಿದ ದಿನಗಳಲ್ಲಿ ಮನೆಯೊಳಗೆ ಅತ್ತೆ ಚಂದಮ್ಮನವರು ಮತ್ತು ನಾನು, ತಲಬಾಗಿಲಲ್ಲಿ ಸಿದ್ರಾಮಪ್ಪನವರು. ಅವರ ಊರು ಜೇವರ್ಗಿ. ತಂದೆ ತಾಯಿ ಇರಲಿಲ್ಲ, ತಂಗಿಯೊಬ್ಬಳು ಅಲ್ಲಿ ಸಂಸಾರ ಮಾಡಿಕೊಂಡಿದ್ದಳು. ಅವರೂ ನಮ್ಮ ಹಾಗೆ ಲಿಂಗವಂತರೇ. ಆದರೆ ಎಲ್ಲ ಓಣಿ, ಎಲ್ಲ ಕೇರಿಯ ಮಕ್ಕಳನ್ನು ಮುಟ್ಟಿ ಬರುವವರೆಂದು ಯಾವ ಮನೆಯಲ್ಲಿಯೂ ಅವರನ್ನು ಪಂಕ್ತಿಗೆ ಕೂರಿಸುತ್ತಿರಲಿಲ್ಲ. ಅತ್ತೆಯವರು ಅವರಿಗೆಂದು ಒಂದು ತಾಟು, ಒಂದು ತಂಬಿಗೆ ಬೇರೆ ಇಟ್ಟಿದ್ದರು. ಸಂಜೆ ಅವರು ಅಂಗಳದ ಕಲ್ಲಿನ ಮೇಲೆ ಮೈತೊಳೆದುಕೊಂಡ ಮೇಲೆ ರೊಟ್ಟಿ ಪಲ್ಯ ಕಟ್ಟೆಯ ಮೇಲಿಡುತ್ತಿದ್ದರು. ಅವರು ಬೀದಿಯ ಕಡೆ ಮುಖ ಮಾಡಿ ಒಬ್ಬರೇ ಉಣ್ಣುತ್ತಿದ್ದರು.

ನನ್ನ ಅಡುಗೆಮನೆಗೂ ಅವರ ಕೋಣೆಗೂ ನಡುವೆ ಒಂದೇ ಗೋಡೆ. ಹೊಸದರಲ್ಲಿ ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದೆ, ಆ ಕಡೆ ಮಾತು ಕೇಳಿಸಿತು. "ಅಕ್ಕಾರ, ಅಂಜಬ್ಯಾಡ್ರಿ. ಇರುವಿ ಕಚ್ಚಿದಷ್ಟ ನೋವು." ಸ್ವಲ್ಪ ತಡೆದು, ಇನ್ನೂ ಮೆತ್ತಗೆ, "ಯವ್ವಾ, ಕೂಸಿನ್ನ ನಿಮ್ಮ ತೊಡಿ ಮ್ಯಾಲ ಕುಂದರಿಸ್ಕೋರಿ, ನಾ ದೂರ ನಿಂತೇ ಹಾಕ್ತೇನಿ." ಯಾರೋ ಹೆಂಗಸರು ಬಂದಿದ್ದಾರೆ ಎಂದುಕೊಂಡು ಅತ್ತೆಯವರಿಗೆ ಹೇಳಿದೆ. ಅವರು ತಲೆಯೆತ್ತದೆ, "ಯಾರೂ ಇಲ್ಲ. ನಾಳಿ ಮಂದಿ ಮುಂದ ಹೆಂಗ ಮಾತಾಡಬೇಕು ಅಂತ ಗ್ವಾಡಿ ಮುಂದ ಮಾತಾಡ್ತಾರ," ಎಂದರು.

ಅದು ನಿತ್ಯದ್ದು. ಒಂದು ಸಂಜೆ ಬೇಡಿಕೊಳ್ಳುವ ದನಿ, ಇನ್ನೊಂದು ಸಂಜೆ ನಗಿಸುವ ದನಿ. ನನಗೂ ಮಾತಾಡಲು ಯಾರೂ ಇರಲಿಲ್ಲ. ತವರಲ್ಲಿ ಭೀಮೆಯ ದಂಡೆಗೆ ಗೆಳತಿಯರೊಡನೆ ಅರಿವೆ ಒಗೆಯಲು ಹೋಗುತ್ತಿದ್ದವಳು ಇಲ್ಲಿ ಸೆರಗು ಮುಖದ ಮೇಲೆಳೆದುಕೊಂಡು ಗೋಡೆಗೆ ಕಿವಿಯಾಗಿದ್ದೆ. ಆ ಮಾತುಗಳು ನನಗಲ್ಲ ಎಂದು ಗೊತ್ತಿದ್ದರೂ, ಒಲೆಯ ಮುಂದೆ ಕೂತು ಎಷ್ಟೋ ಸಲ "ಹಾಕ್ರಿ" ಎಂದು ಮನಸ್ಸಿನಲ್ಲೇ ಉತ್ತರ ಕೊಟ್ಟಿದ್ದೇನೆ.

ಇನ್ನೊಂದು ರೂಢಿಯಿತ್ತು. ಹಳ್ಳಿಯಿಂದ ಮರಳಿದ ಮೇಲೆ ಕೋಣೆಯ ಬೀಗ ತೆರೆಯುವ ಮೊದಲು ತಮ್ಮದೇ ಬಾಗಿಲ ಮುಂದೆ ನಿಂತು, "ಯಾರದೀರ್ರಿ ಒಳಗ?" ಎನ್ನುತ್ತಿದ್ದರು. ದಿನವಿಡೀ ಕೂಗಿ ಕೂಗಿ ನಾಲಗೆಗೆ ಹತ್ತಿದ್ದು. ಅಂದುಬಿಟ್ಟ ಮೇಲೆ ಅರಿವಾಗಿ, ಯಾರಾದರೂ ನೋಡಿದರೇನೋ ಎಂದು ಆಚೀಚೆ ಕಣ್ಣಾಡಿಸಿ, ಕೀಲಿ ತೆರೆಯುತ್ತಿದ್ದರು. ಅಂಗಳದಲ್ಲಿ ಭಾಂಡಿ ತಿಕ್ಕುತ್ತಿದ್ದ ನಾನು ತಲೆ ತಗ್ಗಿಸುತ್ತಿದ್ದೆ.

ಹಳ್ಳಿಗಳಲ್ಲಿ ನಡೆದದ್ದನ್ನು ಊಟವಾದ ಮೇಲೆ ಕಟ್ಟೆಯಿಂದಲೇ ಅತ್ತೆಯವರಿಗೆ ಹೇಳುತ್ತಿದ್ದರು. ಅತ್ತೆಯವರು ಪಡಸಾಲೆಯ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತ ಕೇಳುತ್ತಿದ್ದರು. ನಿಂಬರ್ಗಾದಲ್ಲಿ ಒಬ್ಬಾಕೆ ಮಗುವನ್ನು ಜೋಳ ತುಂಬುವ ಗುಮ್ಮಿಯೊಳಗೆ ಇಳಿಸಿ, ಮನೆಯಲ್ಲಿ ಕೂಸೇ ಇಲ್ಲವೆಂದಳಂತೆ. ಅಷ್ಟರಲ್ಲಿ ಗುಮ್ಮಿಯೊಳಗಿನಿಂದ ಸೀನು ಕೇಳಿತಂತೆ. "ನಾ ಏನ್ ಮಾಡಲಿ ಹೇಳ್ರಿ," ಎಂದರು ಸಿದ್ರಾಮಪ್ಪ. "ಗುಮ್ಮಿಗಿ ಕೈ ಮುಗದು, ಚಿರಂಜೀವಿ ಆಗಪ್ಪ ಅಂದು ಬಂದೆ." ಅತ್ತೆಯವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅವರು ಅಷ್ಟು ನಗುವುದನ್ನು ನಾನು ಬೇರೆ ಯಾವಾಗಲೂ ಕಂಡಿರಲಿಲ್ಲ.

ಅತ್ತೆಯವರು ಒಮ್ಮೆ ಮದುವೆಯ ಮಾತು ತೆಗೆದರು. "ವಯಸ್ಸು ಹೋಗಾಕತ್ತದ. ಒಂದು ಹೆಣ್ಣು ನೋಡಬಾರದೇನ್ರಿ?"

"ನೋಡಾಕ ಹ್ವಾದ್ರ ಅಲ್ಲೂ ಬಾಗಲಾ ಹಾಕ್ಕೋತಾರ್ರಿ," ಎಂದರು. ತಂಬಿಗೆಯ ನೀರು ಕುಡಿದು, "ಒಂದು ಮನ್ಯಾಗ ಒಪ್ಪಿದ್ರು. ಆದ್ರ ಈ ನೌಕರಿ ಬಿಡು ಅಂದ್ರು. ಬಿಡಲಿಲ್ಲ," ಎಂದರು. ಯಾಕೆ ಬಿಡಲಿಲ್ಲ ಎಂದು ಅತ್ತೆಯವರು ಕೇಳಲಿಲ್ಲ.

ಮಕ್ಕಳಿಗೆಂದು ಅವರು ಕೋಟಿನ ಜೇಬಿನಲ್ಲಿ ಬತ್ತಾಸು ಇಟ್ಟುಕೊಳ್ಳುತ್ತಿದ್ದರು. ಯಾರೂ ಮುಟ್ಟುತ್ತಿರಲಿಲ್ಲ. ಅವರ ಬತ್ತಾಸು ತಿಂದರೆ ಮೈಮೇಲೆ ಗುಳ್ಳೆ ಏಳುತ್ತವೆಂದು ಸುದ್ದಿ ಹಬ್ಬಿತ್ತು. ಸಂಜೆ ಜೇಬು ಕೊಡವಿ ಪುಡಿಯನ್ನು ಅಂಗಳದ ಇರುವೆಗಳಿಗೆ ಚೆಲ್ಲುತ್ತಿದ್ದರು.

ನಗಿಸುವುದು, ಮಾತಾಡುವುದು, ರೊಟ್ಟಿ ಕೊಡುವುದು ಎಲ್ಲ ಸರಿ. ಆದರೆ ಅವರ ಪೆಟ್ಟಿಗೆ ನಮ್ಮ ಹೊಸ್ತಿಲು ದಾಟಲು ಅತ್ತೆಯವರು ಬಿಟ್ಟಿರಲಿಲ್ಲ. ಹಿಂದೆ ಅತ್ತೆಯವರ ಇಬ್ಬರು ಗಂಡುಮಕ್ಕಳಿಗೂ ದೇವಿ ಬಂದು, ಆ ಬೇನೆಯ ತಾಯಿ ಮರಗಮ್ಮನಿಗೆ ಹರಕೆ ಹೊತ್ತ ಮೇಲೆ ಕಿರಿಯವರಾದ ನಮ್ಮ ಯಜಮಾನರು ಉಳಿದರಂತೆ. ಹಿರಿಯವನು ಉಳಿಯಲಿಲ್ಲ. ಅಂದಿನಿಂದ ಅವರು ಆ ತಾಯಿಗೆ ನಡೆದುಕೊಳ್ಳುತ್ತಿದ್ದರು. ಮದ್ದು ಹಾಕಿಸಿದರೆ ತಾಯಿಯ ಮಾತು ಮುರಿದಂತೆ. ಮೇಲಾಗಿ ಆ ಮದ್ದನ್ನು ಆಕಳ ಕರುವಿನ ಮೈಮೇಲೆ ಬೆಳೆಸುತ್ತಾರೆಂದು ಅವರು ಕೇಳಿದ್ದರು. ನನ್ನ ತೋಳಿನಲ್ಲಿ ನಾಲ್ಕು ಕಲೆಗಳಿದ್ದವು. ನಮ್ಮಪ್ಪ ಅಫಜಲಪುರದಲ್ಲಿ ಹಾಕಿಸಿದ್ದು. ಬಂದ ಹೊಸದರಲ್ಲೇ ಅವನ್ನು ನೋಡಿದ ಅತ್ತೆಯವರು, "ಕುಪ್ಪಸದ ತೋಳು ಉದ್ದ ಹೊಲಿಸ್ಕೊ," ಎಂದಿದ್ದರು.

ನನಗೆ ಮಗಳು ಹುಟ್ಟಿದಳು. ನೀಲಾ ಎಂದು ಹೆಸರಿಟ್ಟೆವು. ಅಂಬೆಗಾಲಿಡುವ ಹೊತ್ತಿಗೆ ಅವಳು ಹೊಸ್ತಿಲಿನವರೆಗೆ ಹೋಗಿ, ಕಟ್ಟೆಯ ಮೇಲೆ ಉಣ್ಣುತ್ತಿದ್ದ ಸಿದ್ರಾಮಪ್ಪನವರ ಬೆನ್ನನ್ನು ನೋಡುತ್ತ ಕೂಡುತ್ತಿದ್ದಳು. ಅವರು ತಿರುಗಿ ನಕ್ಕರೆ ಓಡುತ್ತಿರಲಿಲ್ಲ. ಇಡೀ ಆಳಂದದಲ್ಲಿ ಅವರನ್ನು ಕಂಡು ಓಡದ ಮಗು ಅದೊಂದೇ ಇತ್ತೇನೋ. ಬತ್ತಾಸು ಕೊಟ್ಟರೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಅಂದು ಅವರು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು, ಅವಳು ಅದನ್ನು ಚೀಪಿ ಮುಗಿಸುವವರೆಗೆ ನೋಡುತ್ತ ಕೂತಿದ್ದರು.

ಆ ಚಳಿಗಾಲದಲ್ಲಿ ಒಂದು ಸಂಜೆ ಅವರು ಮಾತು ಎತ್ತಿದರು. "ಚಂದಮ್ಮನವರ, ಸಣ್ಣದೊಂದು ಅರ್ಜಿ ಅದರಿ."

"ಗೊತ್ತದ. ಬ್ಯಾಡ್ರಿ."

"ನನ್ನ ಕೈಲೇ ಬ್ಯಾಡ ಅಂದ್ರ ಕಲಬುರ್ಗಿ ದವಾಖಾನಿಗಿ ಒಯ್ದು ಹಾಕಸ್ರಿ."

"ಸಿದ್ರಾಮಪ್ಪನವರ, ನೀವು ಈ ಮನ್ಯಾಗ ಇರೋದು ನನಗ ಭಾರ ಇಲ್ಲ. ಆದ್ರ ಆ ಮದ್ದಿನ ಮಾತು ಈ ಮನ್ಯಾಗ ತಗೀಬ್ಯಾಡ್ರಿ."

ಅವರು ತಾಟು ಎತ್ತಿಕೊಂಡು ಎದ್ದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅಮಾವಾಸ್ಯೆಗೆ ಯಜಮಾನರು ಬಂದಾಗ ಹೇಳಿದೆ. "ಅವ್ವನ ಮನಸ್ಸು ನೋಯಿಸೋದು ಬ್ಯಾಡ, ಇನ್ನೊಂದು ವರ್ಷ ತಡಿ," ಎಂದರು. ಹುಕುಂ ತೋರಿಸಿ ಜಬರ್‌ದಸ್ತಿ ಮಾಡುವ ನೌಕರರೂ ಇದ್ದರು. ಸಿದ್ರಾಮಪ್ಪನವರು ಆ ಜಾತಿಯವರಲ್ಲ.

ಬೇಸಿಗೆಯಲ್ಲಿ ಬೇನೆ ಬಂತು. ಮೊದಲು ನರೋಣಾದ ಕಡೆ ಎಂದರು, ಆಮೇಲೆ ಸಂತೆಗೆ ಬಂದವರ ಜೊತೆ ಆಳಂದಕ್ಕೆ ಬಂತೆಂದರು. ನೀಲಾಳ ಮೈ ಸುಡತೊಡಗಿತು, ಬಳಿಕ ಗುಳ್ಳೆಗಳೆದ್ದವು. ಅತ್ತೆಯವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ದೇವಿ ಬಂದ ಮನೆಯ ಕಟ್ಟಳೆಯಂತೆ ಒಗ್ಗರಣೆ ನಿಲ್ಲಿಸಿದರು, ತಲೆ ಬಾಚುವುದನ್ನು ನಿಲ್ಲಿಸಿದರು. ಬೇವಿನ ಎಲೆ ಹಾಸಿ ಮಗುವನ್ನು ಮಲಗಿಸಿ ಹಗಲಿಡೀ ಗಾಳಿ ಬೀಸಿದರು. ಎದುರು ಮನೆಯ ಗುಂಡಮ್ಮ ದಿನಾ ಮೊಸರು ಕಡ ಕೇಳಲು ಬರುವವಳು ಬರಲಿಲ್ಲ. ನೀರಿನವಳು ಕೊಡವನ್ನು ಬೀದಿಯಲ್ಲೇ ಇಟ್ಟು ಹೋದಳು. ನಮ್ಮ ಬಾಗಿಲ ಮುಂದೆ ಬಂದ ಜನ ಆ ಕಡೆಯ ಗೋಡೆಗೆ ಸರಿದು ನಡೆಯುತ್ತಿದ್ದರು. ಸಿದ್ರಾಮಪ್ಪನವರಿಗೆ ಜೀವಮಾನವಿಡೀ ಆದದ್ದು ಈಗ ನಮಗೂ ಆಗಿತ್ತು.

ಅವರು ಮಾತ್ರ ಹೋಗಲಿಲ್ಲ. ಬೇನೆ ಬಂದ ಮೇಲೆ ತಮ್ಮ ಪೆಟ್ಟಿಗೆಯಿಂದ ಏನೂ ಆಗದೆಂದು ಅವರಿಗೆ ಗೊತ್ತಿತ್ತು. ಬಾವಿಯಿಂದ ನೀರು ತಂದು ಹಂಡೆ ತುಂಬಿಸುತ್ತಿದ್ದರು. ಬೇವಿನ ಸೊಪ್ಪು ಕಡಿದು ತರುತ್ತಿದ್ದರು. ಉಳಿದ ಹೊತ್ತು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಆ ದಿನಗಳಲ್ಲಿ ಗೋಡೆಯ ಆಚೆ ಮಾತು ಕೇಳಿಸಲಿಲ್ಲ.

ಒಂದು ಮುಂಜಾನೆ, ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿನಲ್ಲಿ, ನೀಲಾ ಹೋದಳು. ಯಜಮಾನರಿಗೆ ಹೇಳಿಕಳಿಸಿದ್ದೆವು, ಅವರಿನ್ನೂ ಬಂದಿರಲಿಲ್ಲ. ಮಣ್ಣಿನ ಕ್ರಿಯೆ ಮಾಡಿಸಬೇಕಾದ ಅಯ್ಯನವರು ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿಕಳಿಸಿದರು. ನಮ್ಮ ದಾಯಾದಿಗಳ ಮನೆಗಳ ಗಂಡಸರು ಓಣಿಯ ತುದಿಯಲ್ಲಿ ನಿಂತಿದ್ದರು, ಹತ್ತಿರ ಬರಲಿಲ್ಲ. ಬಿಸಿಲು ಏರಿತು. ಅತ್ತೆಯವರು ಮಗುವಿನ ಪಕ್ಕದಲ್ಲಿ ಬೀಸಣಿಕೆ ಹಿಡಿದೇ ಕೂತಿದ್ದರು, ಬೀಸುತ್ತಲೇ ಇದ್ದರು.

ಆಗ ಸಿದ್ರಾಮಪ್ಪನವರು ಹೊಸ್ತಿಲ ಬಳಿ ಬಂದು ನಿಂತರು. "ಚಂದಮ್ಮನವರ, ಒಳಗ ಬರ್ಲ್ಯಾ?" ಎಂದರು. ಅತ್ತೆಯವರು ತಲೆಯಾಡಿಸಿದರು. ಅಷ್ಟು ವರ್ಷಗಳಲ್ಲಿ ಅವರು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ಹೊಸ ಬಿಳೀ ಪಂಚೆಯಲ್ಲಿ ಮಗುವನ್ನು ಸುತ್ತಿ, ಎದೆಗೆ ಒರಗಿಸಿಕೊಂಡು, ಪಟಗವಿಲ್ಲದ ಬರಿತಲೆಯಲ್ಲಿ ಓಣಿಯ ನಡುವೆ ನಡೆದು ಹೋದರು. ಓಣಿಯ ತುದಿಯ ಗಂಡಸರು ದಾರಿ ಬಿಟ್ಟರು. ನಮ್ಮ ಹೊಲದ ಬದುವಿನಲ್ಲಿ, ಮಾವನವರ ಸಮಾಧಿಯ ಹತ್ತಿರ, ಒಬ್ಬರೇ ಅಗೆದು, ಒಬ್ಬರೇ ಮಣ್ಣು ಕೊಟ್ಟು ಬಂದರು. ಬಂದವರು ಅಂಗಳದ ಕಲ್ಲಿನ ಮೇಲೆ ಸ್ನಾನಕ್ಕೆ ಕೂತರು. ಅತ್ತೆಯವರು ತಾವೇ ಎದ್ದು ಬಂದು ತಂಬಿಗೆಯಿಂದ ಅವರ ಕೈಗೆ ನೀರು ಹಾಕಿದರು. ಮರುದಿನ ಯಜಮಾನರು ಬಂದು, ತಲಬಾಗಿಲಿನಿಂದಲೇ ಖಾಲಿ ತೊಟ್ಟಿಲು ಕಂಡು, ಅಲ್ಲೇ ಕೂತರು.

ಮಳೆಗಾಲ ಕಳೆಯಿತು. ಅತ್ತೆಯವರು ಮಾತು ಕಡಿಮೆ ಮಾಡಿದ್ದರು. ಮರಗಮ್ಮನ ಗುಡಿಗೆ ಹೋಗುವುದನ್ನು ಬಿಡಲಿಲ್ಲ, ಆದರೆ ಹೋದಷ್ಟೇ ಬೇಗ ಮರಳುತ್ತಿದ್ದರು. ಮದ್ದು ಹಾಕುವ ಕಾಲ ಮತ್ತೆ ಬಂತು. ಸಿದ್ರಾಮಪ್ಪನವರು ಪೆಟ್ಟಿಗೆ ಹಿಡಿದು ಓಣಿಗೆ ಇಳಿದರು, ಬಾಗಿಲುಗಳು ಮುಚ್ಚಿದವು. ಅತ್ತೆಯವರು ಪಡಸಾಲೆಯಿಂದ ಎದ್ದು ಹೊರಗೆ ಹೋಗಿ, ನಮ್ಮ ಕಟ್ಟೆಯ ಮೇಲೆ, ಎಲ್ಲರ ಕಿಂಡಿಗಳಿಗೆ ಕಾಣುವಂತೆ ಕೂತರು. ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿದರು.

"ಹಾಕ್ರಿ," ಎಂದರು.

"ನಿಮಗ್ಯಾಕ್ರಿ ಈ ವಯಸ್ಸಿನಾಗ."

"ನನಗ ಅಲ್ಲ. ಅವರು ನೋಡ್ಲಿ."

ಸಿದ್ರಾಮಪ್ಪನವರು ಸಣ್ಣ ದೀಪ ಹಚ್ಚಿ ಹಿಡಿಕೆಯ ತುದಿಯಲ್ಲಿ ಸುತ್ತಲೂ ಚೂಪು ಹಲ್ಲುಗಳಿದ್ದ ಚುಚ್ಚುವ ಬಿಲ್ಲೆಯನ್ನು ಕಾಯಿಸಿ ಆರಿಸಿದರು. ಗಾಜಿನ ನಳಿಗೆಯ ಹನಿಯನ್ನು ತೋಳಿನ ಮೇಲೆ ಬಿಟ್ಟು, ಬಿಲ್ಲೆಯನ್ನು ಒತ್ತಿ ತಿರುವಿದರು. ಅತ್ತೆಯವರು ಮುಖ ಕಿವಿಚಲಿಲ್ಲ. ತೋಳು ಹಾಗೇ ಬಿಟ್ಟುಕೊಂಡು ಎದುರು ಮನೆಗೆ ನಡೆದರು. "ಗುಂಡಮ್ಮ, ನಾ ಚಂದಮ್ಮ ಬಂದೇನಿ. ಬಾಗಲಾ ತಗಿ. ನಿನ್ನ ಮೊಮ್ಮಗನ್ನ ತೊಗೊಂಡು ಬಾ." ಬಾಗಿಲಿಗೆ ಅಂಗೈ ತಟ್ಟಿದರು. "ನನ್ನ ಮನ್ಯಾಗಿಂದು ಹೋಗ್ಯದ. ನಿನ್ನ ಮನ್ಯಾಗಿಂದು ಇರಲಿ ಅಂತ ಬಂದೇನಿ ಬೇ," ಎಂದರು. ಒಳಗಿನಿಂದ ಅಗಳಿ ಸರಿಯಿತು.

ಎಲ್ಲ ಬಾಗಿಲುಗಳೂ ತೆರೆಯಲಿಲ್ಲ. ಕೆಲವರು ಒಳಗಿನಿಂದಲೇ ಬೈದರು. ಆದರೆ ಆ ವರ್ಷ ಅತ್ತೆಯವರು ಸಿದ್ರಾಮಪ್ಪನವರ ಜೊತೆ ಆಳಂದದ ಓಣಿಗಳನ್ನೆಲ್ಲ ತಿರುಗಿದರು. ಅವರು ಮುಂದೆ, ಸಿದ್ರಾಮಪ್ಪನವರು ಹಿಂದೆ. ಅತ್ತೆಯವರಿಗೆ ಊರಿನ ಹೆಂಗಸರ ಹೆಸರೆಲ್ಲ ಗೊತ್ತು, ಯಾರ ತವರು ಯಾವುದು ಎಂಬುದೂ ಗೊತ್ತು. ಹೆಸರು ಹಿಡಿದು ಕರೆಯುತ್ತಿದ್ದರು. ಹೊಲಗೇರಿಗೂ ಹೋದರು. ಮೊದಲ ದಿನ ಕೇರಿಯ ಹೊರಗೆ ನಿಂತರು, ಮರುದಿನ ಒಳಗೆ ಹೋಗಿ ಅಲ್ಲಿಯ ಕೂಸನ್ನು ತಮ್ಮ ತೊಡೆಯ ಮೇಲೆ ಕೂರಿಸಿಕೊಂಡರು. ಮನೆಗೆ ಬಂದು ಅದೇ ಕಲ್ಲಿನ ಮೇಲೆ ಮೈತೊಳೆದರು. ಅಂದಿನಿಂದ ಮನೆಯಲ್ಲಿ ಬೇರೆ ತಾಟು, ಬೇರೆ ತಂಬಿಗೆ ಎಂಬುದು ಉಳಿಯಲಿಲ್ಲ. ಬಂಡಿ ಕಟ್ಟಿಸಿಕೊಂಡು ನರೋಣಾ, ನಿಂಬರ್ಗಾಕ್ಕೂ ಹೋಗಿಬಂದರು. ಸಂಜೆ ಕಟ್ಟೆಯ ಮೇಲೆ ಸಿದ್ರಾಮಪ್ಪನವರು, ಪಡಸಾಲೆಯಲ್ಲಿ ಅತ್ತೆಯವರು, ದಿನದ ಸುದ್ದಿಯನ್ನು ಈಗ ಇಬ್ಬರೂ ಹೇಳುವವರೇ. ಅಡುಗೆಮನೆಯಲ್ಲಿ ಕೂತು ಕೇಳುತ್ತಿದ್ದ ನನಗೆ ಗೋಡೆಯ ಆಚೆಯ ಅಭ್ಯಾಸದ ಮಾತು ನಿಂತುಹೋಗಿದೆ ಎಂದು ಎಷ್ಟೋ ದಿನಗಳ ಮೇಲೆ ಹೊಳೆಯಿತು.

ಹೊರಗೆ ಬೇರೆ ಮಾತು ಹುಟ್ಟಿತ್ತು. ಬಾವಿಕಟ್ಟೆಯಲ್ಲಿ ನಾನು ಹೋದರೆ ಸುಮ್ಮನಾಗುತ್ತಿದ್ದರು. ಮುಂದಿನ ಅಮಾವಾಸ್ಯೆಗೆ ಬಂದ ಯಜಮಾನರು ಊಟವಾದ ಮೇಲೆ ಪಡಸಾಲೆಯಲ್ಲಿ ಕೂತರು, ತಲೆಯೆತ್ತಲಿಲ್ಲ.

"ಅವ್ವಾ, ಇನ್ನ ಸಾಕು ಮಾಡು. ಕಲಬುರ್ಗಿ ತನಕ ಮಾತು ಬಂದದ."

"ಏನು ಮಾತು?"

"ನನ್ನ ಬಾಯಿಲೆ ಹೇಳಸ್ತಿ ಏನು?"

"ಮಂದಿ ಬಾಯಿಲೆ ನೀ ಕೇಳಿ ಬಂದೀದಿ. ನಿನ್ನ ಬಾಯಿಲೆ ನಾ ಕೇಳ್ತೇನಿ. ಹೇಳು."

ಯಜಮಾನರು ಚಾಪೆಯ ಅಂಚು ಕೀಳುತ್ತ ಹೇಳಿದರು. "ಗಂಡ ಇಲ್ಲದಾಕಿ ಪರಗಂಡಸಿನ ಸಂಗಾಟ ಊರೂರು ತಿರಗಾಕತ್ತಾಳ ಅಂತಾರ. ಆಂವ ನಮ್ಮ ಮನ್ಯಾಗ ಅದಾನ. ನಾ ಊರಾಗ ಇರಂಗಿಲ್ಲ. ನಾ ಮಂದ್ಯಾಗ ಹೆಂಗ ತಲಿ ಎತ್ತಲಿ?"

"ಕೂಸಿನ್ನ ಮಣ್ಣಿಗಿ ಒಯ್ಯೋ ದಿನ ಈ ಮಂದಿ ಎಲ್ಲಿದ್ರು?"

"ನಾನೂ ಇರಲಿಲ್ಲ. ಅದನ್ನ ಅನ್ನಾಕತ್ತಿ ಏನು?"

"ನಿನಗ ಅಂದಿಲ್ಲೋ ಯಪ್ಪಾ," ಎಂದರು ಅತ್ತೆಯವರು. ದನಿ ಇಳಿದಿತ್ತು. ಯಜಮಾನರು ಮುಖ ಮುಚ್ಚಿಕೊಂಡು ಅತ್ತರು. ಕೆಟ್ಟ ಮನುಷ್ಯರಲ್ಲ ಅವರು. ಕಲಬುರ್ಗಿಯ ಗಿರಣಿಯಲ್ಲಿ ಯಾರೋ ನಕ್ಕಿದ್ದನ್ನು ಅಷ್ಟು ದೂರ ಹೊತ್ತುಕೊಂಡು ಬಂದಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ಗೋಡೆಯ ಆಚೆ ಯಾರೋ ಏನನ್ನೋ ಮೆಲ್ಲಗೆ ಕೆಳಗಿಟ್ಟ ಸಪ್ಪಳವಾಯಿತು. ನನಗೆ ಅವರ ಮಾತು ಕೇಳಿಸುತ್ತಿದ್ದ ಹಾಗೆ ಅವರಿಗೂ ನಮ್ಮ ಮಾತು ಕೇಳಿಸುತ್ತದೆಂದು ನಾವು ಯಾರೂ ಯೋಚಿಸಿರಲಿಲ್ಲ.

ಯಜಮಾನರು ಕಲಬುರ್ಗಿಗೆ ಮರಳಿದ ಕೆಲವೇ ದಿನಗಳಲ್ಲಿ ಸಿದ್ರಾಮಪ್ಪನವರು ಪೆಟ್ಟಿಗೆ, ಹಾಸಿಗೆಯ ಸುರುಳಿ ಕಟ್ಟೆಯ ಮೇಲಿಟ್ಟು, ಕೀಲಿಕೈಯನ್ನು ಹೊಸ್ತಿಲ ಮೇಲಿಟ್ಟರು.

"ಬದ್ಲಿ ಆಗ್ಯದ್ರಿ. ಅಫಜಲಪುರದ ಕಡಿ."

"ಹುಕುಂ ಅವರಾಗೇ ಕಳಿಸಿದ್ರೋ, ನೀವು ಬೇಡಿದ್ರೋ?" ಎಂದು ಅತ್ತೆಯವರು ಕೇಳಿದರು. ಅವರು ಕೊಡೆಯ ಹಿಡಿಕೆ ಒರೆಸುತ್ತ ನಿಂತರು.

"ಬುತ್ತಿ ಕಟ್ಟತಾಳ. ಕುಂದರ್ರಿ," ಎಂದರು ಅತ್ತೆಯವರು. ನಾನು ರೊಟ್ಟಿ ಬಡಿದೆ, ಶೇಂಗಾ ಹಿಂಡಿ ಕಟ್ಟಿದೆ. ಬೇಗ ಮುಗಿಸಲು ಕೈ ಬರಲಿಲ್ಲ. ಬುತ್ತಿ ತೆಗೆದುಕೊಂಡು ಅವರು ಎದ್ದಾಗ ಅತ್ತೆಯವರು, "ಆ ಕಡಿ ಹಳ್ಳ್ಯಾಗ ಹೆಣ್ಮಕ್ಕಳ ಹೆಸರು ಮೊದಲ ಕೇಳಿ ತಿಳಕೋರಿ. ಹೆಸರು ಹಿಡದು ಕರದ್ರ ಬಾಗಲಾ ತಗೀತಾರ," ಎಂದರು. ಅವರು ಕೈಮುಗಿದರು. ಅತ್ತೆಯವರು ಕಟ್ಟೆಯವರೆಗೂ ಬರಲಿಲ್ಲ. ಓಣಿಯ ಕಿಂಡಿಗಳೆಲ್ಲ ತೆರೆದಿದ್ದವು.

ಆ ಕೋಣೆಗೆ ತೊಗರಿ ಹೊಟ್ಟು ತುಂಬಿಸಿದೆವು. ಸಂಜೆ ಅತ್ತೆಯವರು ಪಡಸಾಲೆಯ ಕಂಬಕ್ಕೆ ಒರಗಿ ಕೂಡುವುದನ್ನು ಬಿಡಲಿಲ್ಲ. ಬತ್ತಿ ಹೊಸೆಯುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನನಗೆ ಮಗ ಹುಟ್ಟಿದ. ಹೊಸದಾಗಿ ಬಂದ ದೇವಿ ಡಾಕ್ಟರು ಓಣಿಗೆ ಬಂದ ದಿನ ಅತ್ತೆಯವರು ಮೊಮ್ಮಗನನ್ನು ಎತ್ತಿಕೊಂಡು ಎಲ್ಲರಿಗಿಂತ ಮೊದಲು ಹೊರಗೆ ಹೋಗಿ ನಿಂತರು. ಮದ್ದು ಹಾಕಿಸಿ ಒಳಗೆ ಬಂದು, "ಆಂವ ಎಂತಾಂವ, ಕೂಸಿನ ಹೆಸರು ಸುದ್ಧಾ ಕೇಳಲಿಲ್ಲ," ಎಂದರು. ಸಿದ್ರಾಮಪ್ಪನವರ ಹೆಸರನ್ನು ಅವರು ಮತ್ತೆ ಎತ್ತಲಿಲ್ಲ. ಕೊನೆಗಾಲದಲ್ಲಿ ಕೂಡ.

ನಾನು ಸಿದ್ರಾಮಪ್ಪನವರನ್ನು ಕೊನೆಯ ಸಲ ಕಂಡದ್ದು ಚೌಡಾಪುರದಲ್ಲಿ. ಆಗ ನಿಜಾಮರ ಆಳ್ವಿಕೆ ಹೋಗಿತ್ತು. ಮಗನನ್ನು ಕರೆದುಕೊಂಡು ತವರಿಗೆ ಹೊರಟಿದ್ದೆ, ಅಲ್ಲಿ ಇಳಿದು ಅಫಜಲಪುರದ ಬಸ್ಸಿಗೆ ಕಾಯುತ್ತಿದ್ದೆವು. ಬೇವಿನ ಮರದ ಕೆಳಗೆ ಗೋಣಿತಟ್ಟಿನ ಮೇಲೆ ಕೂತ ಮುದುಕರೊಬ್ಬರು ಯಾರನ್ನೋ, "ಜೇವರ್ಗಿ ಕಡಿ ಬಸ್ಸು ಯಾವಾಗ್ರಿ?" ಎಂದು ಕೇಳಿದರು. ಮುಖ ನೋಡುವ ಮೊದಲೇ ದನಿಯ ಗುರುತು ಸಿಕ್ಕಿತು. ಗೋಡೆಯ ಈಚೆ ಕೂತು ವರ್ಷಗಟ್ಟಲೆ ಕೇಳಿದ ದನಿ. ಹತ್ತಿರ ಹೋದೆ. ಕಣ್ಣಿಗೆ ಪೊರೆ ಬಂದಿತ್ತು.

"ಕಾಕಾ, ನಾನ್ರಿ, ಆಳಂದದ ಚಂದಮ್ಮನವರ ಸೊಸಿ."

ಅವರು ಕೋಲೂರಿ ಎದ್ದು ನಿಂತರು. "ತಂಗಿ, ನೀವೇನ್ರಿ. ನನ್ನ ಸಂಗಾಟ ಇವತ್ತ ಮೊದಲ ಮಾತಾಡಾಕತ್ತೀರಿ ನೋಡ್ರಿ." ನಿಜ. ಒಂದೇ ಸೂರಿನ ಕೆಳಗೆ ಅಷ್ಟು ಕಾಲ ಇದ್ದು, ನಾನು ಅವರೊಡನೆ ಒಂದು ಮಾತೂ ಆಡಿರಲಿಲ್ಲ.

ಜೇವರ್ಗಿಯಲ್ಲಿ ತಂಗಿಯ ಮಗನ ಮನೆಯಲ್ಲಿ ಇದ್ದಾರಂತೆ. ಕೆಲಸ ಬಿಟ್ಟಾಯಿತಂತೆ. "ಸಂಗಾಟ ಯಾರು?" ಎಂದರು. ಮಗ ಎಂದೆ. ಕೈ ಚಾಚಿದರು. ಹುಡುಗನ ತೋಳನ್ನು ಹಿಡಿದು, ಅಂಗಿಯ ತೋಳು ಸರಿಸಿ, ಬೆರಳಿನಿಂದ ಕಲೆಗಳನ್ನು ತಡವಿ ನೋಡಿದರು. "ಛಲೋ ಹತ್ಯಾವ. ಯಾರು ಹಾಕಸಿದ್ರು?"

"ಅತ್ತಿಯವರೇ ಎತಗೊಂಡು ಹೋಗಿ ಹಾಕಸಿದ್ರು."

ಅವರ ಮುಖ ಅರಳಿತು. "ಹೌದಾ? ಹೆಂಗ ಅದಾರ್ರಿ ಈಗ?"

ನನಗೆ ಬೇರೆ ರೀತಿಯಲ್ಲಿ ಹೇಳಲು ಬರಲಿಲ್ಲ. "ಹ್ವಾದ ಶ್ರಾವಣದಾಗ ಹೋದ್ರು ಕಾಕಾ."

ಹುಡುಗನ ತೋಳಿನ ಮೇಲಿನ ಕೈ ಹಾಗೇ ಇತ್ತು. ರಸ್ತೆಯಲ್ಲಿ ಗಾಣಗಾಪುರಕ್ಕೆ ಹೋಗುವ ಜನರ ಬಂಡಿಗಳು ಹಾದುಹೋದವು. ಅವರು ಆ ಕಡೆ ಮುಖ ತಿರುಗಿಸಿ ನಿಂತಿದ್ದರು.

"ಯಾರೂ ಹೇಳಲಿಲ್ಲ," ಎಂದರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ, "ನನಗ ಯಾರು ಹೇಳಬೇಕು. ನಾ ಯಾರು ಅಂತ ಹೇಳಬೇಕು," ಎಂದರು.

ಮಗ ತೋಳು ಬಿಡಿಸಿಕೊಂಡು ನನ್ನ ಸೆರಗು ಹಿಡಿದ. ಅವರು ಕೋಲನ್ನು ಕೈ ಬದಲಿಸಿ ಕೇಳಿದರು, "ಎಲ್ಲಿ ಮಣ್ಣು ಕೊಟ್ರಿ?"

"ಕೂಸಿನ ಬಾಜೂಕ."

"ಹಾಂ," ಎಂದರು. "ಅಲ್ಲಿ ನೆಲಾ ಮೆತ್ತಗದ."

ನಮ್ಮ ಬಸ್ಸು ಬಂತು. ಆಳಂದಕ್ಕೆ ಒಮ್ಮೆ ಬರ್ರಿ ಎಂದೆ. ಬರ್ತೇನಿ ಎಂದರು, ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬಸ್ಸು ಹೊರಟ ಮೇಲೆ ತಿರುಗಿ ನೋಡಿದೆ. ಅವರು ನಿಂತೇ ಇದ್ದರು. ಬಸ್ಸು ಹೋದದ್ದು ತಿಳಿಯದೆ ಇನ್ನೂ ಅದೇ ಕಡೆ ಕೈಮುಗಿದಿದ್ದರು.

ಬಹಳ ದಿನಗಳ ಮೇಲೆ ಜೇವರ್ಗಿಯ ಒಬ್ಬರು ಎತ್ತು ನೋಡಲು ನಮ್ಮಲ್ಲಿಗೆ ಬಂದರು. ಯಜಮಾನರು ಕೆಲಸ ಬಿಟ್ಟು ಊರಿಗೆ ಬಂದಿದ್ದರು. ಪಡಸಾಲೆಯಲ್ಲಿ ವ್ಯವಹಾರದ ಮಾತು ಮುಗಿದ ಮೇಲೆ ಯಜಮಾನರೇ ಕೇಳಿದರು, ನಾನು ಹೇಳಿಕೊಟ್ಟಿರಲಿಲ್ಲ.

"ನಿಮ್ಮೂರಾಗ ಸಿದ್ರಾಮಪ್ಪ ಅಂತ ಒಬ್ರು ಇದ್ರಲ್ಲ, ದೇವಿ ಚುಚ್ಚೋರು. ಹೆಂಗ ಅದಾರ?"

"ಆಂವ ಹೋಗಿ ಎರಡು ಮಳಿಗಾಲ ಆತಲ್ರಿ," ಎಂದು ಬಂದವರು ಚಹಾದ ಬಟ್ಟಲು ಕೆಳಗಿಟ್ಟರು. ಎಲ್ಲರಿಗೂ ಗೊತ್ತಿರುವ ಹಳೆಯ ಸಂಗತಿ ಹೇಳಿದ ಹಾಗೆ.

ಅವರನ್ನು ಕಳಿಸಿ ಯಜಮಾನರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ನನ್ನ ಮುಖ ನೋಡಲಿಲ್ಲ.

"ಕೇಳಸ್ತಲ್ಲ?" ಎಂದರು.

"ಕೇಳಸ್ತು," ಎಂದೆ.